ಒರಿಜಿನಲ್ ಯಮನಪ್ಪ

ಹುನಗುಂದದ ಬಸ್ ನಿಲ್ದಾಣದ ಎದುರು ಕ್ಯಾಸೆಟ್ ಅಂಗಡಿ ಇಟ್ಟಿದ್ದ ಯಮನಪ್ಪನನ್ನು ಊರೆಲ್ಲ ‘ಒರಿಜಿನಲ್ ಯಮನಪ್ಪ’ ಎಂದೇ ಕರೆಯುತ್ತಿತ್ತು. ಖಾಲಿ ಕ್ಯಾಸೆಟ್ ತಂದು ಹಾಡು ತುಂಬಿಕೊಡು ಎಂದವರಿಗೆ ಅವನು ಹಾಡಿನ ಕ್ಯಾಸೆಟ್ಟಿನ ಹೊದಿಕೆಯ ಮೇಲಿನ ಸಣ್ಣಕ್ಷರ ತೋರಿಸಿ, ‘ಇದರ ಹಕ್ಕು ಕಂಪನಿದು, ನಂದಲ್ರಿ’ ಎನ್ನುತ್ತಿದ್ದ. ಅಕ್ಷರ ಕಾಣದವರಿಗೆ ಭೂತಗನ್ನಡಿಯನ್ನೂ ಕೊಡುತ್ತಿದ್ದ. ಸ್ವಂತ ಮಾವ ಕೇಳಿದಾಗಲೂ ಚಹಾ ಕುಡಿಸಿ ಕಳಿಸಿದನೇ ಹೊರತು ಹಾಡು ತುಂಬಿಕೊಡಲಿಲ್ಲ. 2007ರ ಹೊತ್ತಿಗೆ ಪಕ್ಕದ ಅಂಗಡಿಯವರು ಕಂಪ್ಯೂಟರಿನಿಂದ ಮೊಬೈಲಿಗೆ ನೂರಾರು ಹಾಡು ತುಂಬತೊಡಗಿದರೂ ಅವನು ಜಗ್ಗಲಿಲ್ಲ. ಆ ವರ್ಷ ಶಿರೂರಿನ ಮುದುಕಿ ಲಗಮವ್ವ ಬಂದಳು. ಹತ್ತು ವರ್ಷದ ಹಿಂದೆ ಅವಳು ಹಾಡಿದ್ದ ಬೀಸುವ ಪದಗಳ ಕ್ಯಾಸೆಟ್ ಸವೆದುಹೋಗಿತ್ತು. ಕಂಪನಿ ಅದನ್ನು ಹೊರತರುವುದನ್ನೇ ನಿಲ್ಲಿಸಿತ್ತು. ‘ನನ್ನ ದನಿನ ಐತಿ ತಮ್ಮಾ, ಇನ್ನೊಂದಕ್ಕ ಇಳಿಸಿಕೊಡು’ ಎಂದಳು. ಯಮನಪ್ಪ ಹೊದಿಕೆಯನ್ನು ಬಹಳ ಹೊತ್ತು ನೋಡಿದ. ‘ಕಂಪನಿಗೆ ಹೆಬ್ಬಟ್ಟು ಒತ್ತಿ ಕೊಟ್ಟೀರಿ ಆಯಿ, ಈ ರೆಕಾರ್ಡಿಂಗ್ ನಿಮ್ದಲ್ಲ. ಆದ್ರ ಪದ ಯಾರ್ದು?’ ‘ನಮ್ಮವ್ವ ಬೀಸುವಾಗ ಹಾಡ್ತಿದ್ಲು. ಆಕಿಗೆ ಆಕಿ ಅವ್ವ ಕಲಿಸಿದ್ಲು.’ ‘ಹಂಗಾದ್ರ ಪದ ಕಂಪನಿದಲ್ಲ’ ಎಂದವನೇ ಅಂಗಡಿಯ ಬಾಗಿಲೆಳೆದು, ಹೊಸ ಕ್ಯಾಸೆಟ್ ಹಾಕಿ, ಅವಳಿಂದ ಎಲ್ಲ ಪದಗಳನ್ನೂ ಮತ್ತೆ ಹಾಡಿಸಿದ. ದನಿ ಎರಡು ಕಡೆ ನಡುಗಿತು, ಅವಳು ನಿಲ್ಲಿಸಲಿಲ್ಲ. ಮುಗಿದ ಮೇಲೆ ಹೊದಿಕೆಯ ಮೇಲೆ ‘ಎಲ್ಲ ಹಕ್ಕುಗಳು ಲಗಮವ್ವನವು, ಶಿರೂರು’ ಎಂದು ಬರೆದು, ಅವಳಿಗೆ ಓದಿ ಹೇಳಿದ. ‘ಇದನ್ನ ಇಳಿಸಿಕೊಡಾಕ ಯಾರ್ನ ಕೇಳಬೇಕು?’ ಎಂದಳು. ‘ನಿಮ್ಮನ್ನ’ ಎಂದ. ಲಗಮವ್ವ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕುಳಿತಳು. ‘ಹಂಗಾರ ಕೇಳಿದವರಿಗೆಲ್ಲಾ ಇಳಿಸಿಕೊಡು. ನಾ ಹೇಳೇನಿ.’