ಗುಟ್ಟಿನ ಪುಟದ ಮುದ್ರೆ

ನಮ್ಮ ಗ್ರಂಥಪಾಲಕರ ಸಂಘ ಹುಟ್ಟಿದ್ದೇ ಅನುಮಾನದಲ್ಲಿ. ಎಂಬತ್ತರ ದಶಕದ ನಡುವಿನ ಮಾತು. ನಾನು ಬಂಗಾರಪೇಟೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಗ್ರಂಥಪಾಲಕಿಯಾಗಿದ್ದೆ. ಸುತ್ತಮುತ್ತಲ ಶಾಲೆ, ಕಾಲೇಜು, ವಾಚನಾಲಯಗಳಲ್ಲಿ ಕೆಲಸ ಮಾಡುವವರು ಒಂದಷ್ಟು ಜನ ಸೇರಿ ಸಂಘ ಕಟ್ಟೋಣವೆಂದು ಕೂತ ಮೊದಲ ಭಾನುವಾರವೇ, ಚಂದಾ ಹಣ ಯಾರ ಕೈಯಲ್ಲಿರಬೇಕು ಎಂದು ಬೋಂಡಾ ತಣ್ಣಗಾಗುವವರೆಗೆ ಜಗಳವಾಯಿತು. ಹೆಂಗಸು, ನುಂಗಿಹಾಕಲಾರಳು ಎಂದು ಕೊನೆಗೆ ನನ್ನನ್ನು ಖಜಾಂಚಿ ಮಾಡಿದರು. ಮಾಡಿದ ಮರುಗಳಿಗೆಯೇ, ಬ್ಯಾಂಕಿನಿಂದ ಏನು ತೆಗೆಯಬೇಕಾದರೂ ಖಜಾಂಚಿ ಮತ್ತು ಅಧ್ಯಕ್ಷರು ಇಬ್ಬರ ಸಹಿಯೂ ಬೇಕೆಂದು ನಿಯಮ ಬರೆದರು.

ಅಧ್ಯಕ್ಷರು ಕೆಜಿಎಫ್‌ನ ಒಂದು ಡಿಗ್ರಿ ಕಾಲೇಜಿನ ಗ್ರಂಥಪಾಲಕರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೆತ್ತನೆಯ ಮಾತು. ಗ್ರಂಥಾಲಯ ವಿಜ್ಞಾನದ ಸರ್ಟಿಫಿಕೇಟ್ ಇದ್ದವರಿಗೆ ಮಾತ್ರ ಸದಸ್ಯತ್ವ ಎಂಬ ಷರತ್ತು ಅವರದೇ.

ಸಂಘದಿಂದ ಒಂದು ಒಳ್ಳೆಯ ಕೆಲಸವಾಯಿತು. ಬ್ಯಾಂಕು, ರೈಲ್ವೆ ಪರೀಕ್ಷೆಗಳ ಗೈಡುಗಳು ಆಗ ದುಬಾರಿ; ಒಂದೊಂದು ಗ್ರಂಥಾಲಯಕ್ಕೂ ಕೊಳ್ಳುವ ಶಕ್ತಿ ಇರಲಿಲ್ಲ. ಚಂದಾ ಹಣದಲ್ಲಿ ಒಂದು ಸೆಟ್ ಕೊಂಡು, ನಮ್ಮ ನಮ್ಮ ಗ್ರಂಥಾಲಯದ ಒಂದೆರಡು ಒಳ್ಳೆಯ ಪುಸ್ತಕಗಳ ಜೊತೆ ತಗಡಿನ ಪೆಟ್ಟಿಗೆಯಲ್ಲಿ ಹಾಕಿ, ಸರದಿಯ ಮೇಲೆ ಊರೂರಿಗೆ ಕಳಿಸುತ್ತಿದ್ದೆವು. ನನ್ನಿಂದ ಅಧ್ಯಕ್ಷರ ಕಾಲೇಜಿಗೆ, ಅಲ್ಲಿಂದ ಕೋರಮಂಡಲ್‌ನ ಗಣಿ ಕಾರ್ಮಿಕರ ವಾಚನಾಲಯಕ್ಕೆ, ಅಲ್ಲಿಂದ ಬೇತಮಂಗಲದ ಹೈಸ್ಕೂಲಿಗೆ, ಮತ್ತೆ ನನ್ನಲ್ಲಿಗೆ. ಹೊಸ ಪುಸ್ತಕ ಬಂದಾಗ ಮೊದಲ ಹಾಳೆಯ ಮೇಲೆ ಮಾತ್ರವಲ್ಲ, ಒಳಗೆ ಒಂದು ಗೊತ್ತುಮಾಡಿದ ಪುಟದ ಮೇಲೂ ಮುದ್ರೆ ಒತ್ತುವುದು ನಮ್ಮ ಕಸುಬಿನ ರೂಢಿ. ಮೊದಲ ಹಾಳೆ ಹರಿದರೂ ಪುಸ್ತಕ ಯಾರದೆಂದು ಗೊತ್ತಾಗಲಿ ಎಂದು; ಅದನ್ನು ಗುಟ್ಟಿನ ಪುಟ ಅನ್ನುತ್ತೇವೆ. ಆ ಗೈಡುಗಳ ಮೇಲೆಲ್ಲ ಸಂಘದ ನೇರಳೆ ಮುದ್ರೆ ಒತ್ತಿದವಳು ನಾನೇ.

ಒಂದು ದಿನ ಬೇತಮಂಗಲದ ಗ್ರಂಥಪಾಲಕರು ಪೆಟ್ಟಿಗೆಯನ್ನು ತಾವೇ ಹೊತ್ತುಕೊಂಡು ಬಸ್ಸಿಳಿದು ನನ್ನ ಮೇಜಿನ ಮೇಲೆ ಧೊಪ್ಪನೆ ಇಟ್ಟರು. ಹೊಲಗದ್ದೆ ಇದ್ದ ಮನುಷ್ಯ, ಗಟ್ಟಿ ಗಂಟಲು.

“ನೋಡಮ್ಮೋ ಇಲ್ಲಿ. ಪುಟಾನೇ ಇಲ್ಲ! ಬ್ಲೇಡ್ ಆಕಿ ಕುಯ್ದವ್ರೆ. ನಮ್ಮ ಉಡುಗ್ರು ನನ್ನ ಮೇಲೇ ಬತ್ತಾವ್ರೆ.”

ಬಿಡಿಸಿ ನೋಡಿದೆ. ಉತ್ತರಗಳಿದ್ದ ಹಾಳೆಗಳು, ಹಳೆಯ ಪ್ರಶ್ನೆಪತ್ರಿಕೆಗಳು, ಹೊಲಿಗೆಯ ಬುಡದಲ್ಲಿ ನೀಟಾಗಿ ಕತ್ತರಿಸಿ ಹೋಗಿದ್ದವು. ಅವುಗಳ ಜೊತೆ ಕೆಲವು ಗುಟ್ಟಿನ ಪುಟಗಳೂ ಹೋಗಿದ್ದವು.

“ಯಾರ ಕೆಲಸ ಇದು?”

“ಇನ್ಯಾರ್ದು? ನನಗಿಂತ ಮುಂಚೆ ಯಾರ ತಾವ ಇತ್ತು? ಆ ಕೋರಮಂಡಲ್‌ನವನು. ಅವನ ಮಕ ನೋಡಿದ್ರೇ ಗೊತ್ತಾಗಲ್ವಾ?”

ಮುಂದಿನ ಸಭೆಯಲ್ಲಿ ಯಾರೂ ಹೆಸರೆತ್ತಲಿಲ್ಲ. ಎಲ್ಲರೂ ಒಬ್ಬನನ್ನೇ ನೋಡಿದರು. ವಾಚನಾಲಯದ ಆತ ತಮಿಳರವನು, ಇನ್ನೂ ವಯಸ್ಸು ಚಿಕ್ಕದು. ಸಭೆಗಳಲ್ಲಿ ಎಲೆ ಅಡಿಕೆ ಮೆಲ್ಲುತ್ತಾ ಒಂದಕ್ಕೆ ನಾಲ್ಕು ಮಾತಾಡುತ್ತಿದ್ದವನು ಅವತ್ತು ಬಾಯಿ ಬಿಡಲಿಲ್ಲ. ಸುಮ್ಮನಿದ್ದದ್ದೂ ತಪ್ಪೇ ಆಯಿತು. ಅಧ್ಯಕ್ಷರು ನನ್ನನ್ನು ಪಕ್ಕಕ್ಕೆ ಕರೆದು, “ನೀವೊಂದ್ಸಲ ಹೋಗಿ ಅವನ ಲೈಬ್ರರಿ ನೋಡ್ಕೊಂಡು ಬನ್ನಿ ಅಮ್ಮ. ಹೆಂಗಸರು ಹೋದರೆ ಅವನಿಗೂ ಅನುಮಾನ ಬರಲ್ಲ” ಎಂದರು.

ಮಾರಿಕುಪ್ಪಂ ರೈಲು ಹತ್ತಿ ಕೋರಮಂಡಲ್‌ನಲ್ಲಿ ಇಳಿದೆ. ಚಿನ್ನ ತೆಗೆದ ಮೇಲೆ ಸುರಿದ ಸಯನೈಡ್ ಮಣ್ಣಿನ ದಿಬ್ಬದ ಕಡೆಯಿಂದ ಬೂದು ಧೂಳು ಎದ್ದು ಸೀರೆಯ ನೆರಿಗೆಗೆಲ್ಲ ಮೆತ್ತಿಕೊಂಡಿತು. ಕಾರ್ಮಿಕರ ಲೈನು ಮನೆಗಳ ಕೊನೆಯಲ್ಲಿ ತಗಡಿನ ಚಾವಣಿಯ ಒಂದೇ ಕೋಣೆ ಆ ವಾಚನಾಲಯ. ಪಾಳಿ ಮುಗಿಸಿ ಬಂದವರು ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದರು. ಒಬ್ಬ ಓದುತ್ತಲೇ ನಿದ್ದೆ ಹೋಗಿದ್ದ.

“ವಾಂಗ ಮೇಡಂ, ವಾಂಗ” ಎಂದು ಎದ್ದವನು, ತಕ್ಷಣ ಮುಖ ಬಿಗಿದುಕೊಂಡ. “ನನ್ನ ಪರೀಕ್ಷೆ ಮಾಡೋಕ್ಕೆ ಕಳ್ಸಿದಾರಾ?”

ಸುಳ್ಳು ಹೇಳಲಾಗಲಿಲ್ಲ. “ಹೌದು” ಎಂದೆ.

ಬೀರು ತೆಗೆದು ತೋರಿಸಿದ. ಕತ್ತರಿಸಿದ ಹಾಳೆ ಅಲ್ಲಿರಲಿಲ್ಲ. ಕತ್ತರಿಸಿದವನು ಬೀರುವಿನಲ್ಲೇ ಇಟ್ಟುಕೊಂಡಿರುತ್ತಾನೆಯೇ ಎಂದು ನನ್ನ ಮನಸ್ಸು ಅಂದಿತು. ಪೆಟ್ಟಿಗೆ ಬಂದಾಗಲೇ ಪುಟಗಳಿರಲಿಲ್ಲ, ಹೇಳಿದರೆ ಯಾರು ನಂಬುತ್ತಾರೆಂದು ಸುಮ್ಮನಾದೆ ಅಂದ. ನಂಬಬೇಕೋ ಬಿಡಬೇಕೋ ತಿಳಿಯದೆ, ಸರ್ಟಿಫಿಕೇಟ್ ಕೋರ್ಸ್ ಎಲ್ಲಿ ಮಾಡಿದ್ದೆಂದು ಕೇಳಿದೆ. ಕಿಟಕಿಯ ಕಡೆ ತಿರುಗಿ ಟೀ ತರಿಸಲೇ ಎಂದ. ಮತ್ತೆ ಕೇಳಿದೆ.

“ಮಾಡಿಲ್ಲ ಮೇಡಂ” ಎಂದ, ತೀರಾ ಕೆಳದನಿಯಲ್ಲಿ. “ನಾನು ಗಣೀಲಿ ಟೈಂಕೀಪರ್ ಆಗಿದ್ದೆ. ಯೂನಿಯನ್‌ನವರು ಇಲ್ಲಿ ಕೂರ್ಸಿದ್ರು. ಸದಸ್ಯ ಆಗದೆ ಇದ್ರೆ ನಮ್ಮ ಹುಡುಗರಿಗೆ ಆ ಗೈಡು ಸಿಗಲ್ಲ ಅಂತ, ಇದೆ ಅಂತ ಬರೆದ್ಬಿಟ್ಟೆ. ಯಾರಿಗೂ ಹೇಳ್ಬೇಡಿ.”

ಹೇಳುವುದಿಲ್ಲವೆಂದು ಬಂದೆ. ಆದರೆ ರೈಲಿನಲ್ಲಿ ಒಂದೇ ಯೋಚನೆ ತಲೆ ಕೊರೆಯಿತು: ಒಂದು ಸುಳ್ಳು ಬರೆದವನು ಇನ್ನೊಂದನ್ನು ಮಾಡಿರಲಾರನೇ?

ಅದಾದ ಸ್ವಲ್ಪ ದಿನಕ್ಕೆ ಅಂಚೆ ಖರ್ಚಿನ ಚೆಕ್ಕಿಗೆ ಸಹಿ ಹಾಕಿಸಿಕೊಳ್ಳಲು ಅಧ್ಯಕ್ಷರ ಮನೆಗೆ ಹೋದೆ. ಮುಂಚೆ ತಿಳಿಸಿರಲಿಲ್ಲ. ಅವರ ಹೆಂಡತಿ ನೀರು ಕೊಟ್ಟು, “ಮೇಲೆ ಟ್ಯೂಷನ್ ನಡೀತಾ ಇದೆ, ಹೋಗಿ” ಎಂದರು. ಅವರು ಟ್ಯೂಷನ್ ಮಾಡುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಮಹಡಿಯ ಮೇಲೆ ಚಾಪೆ ಹಾಸಿ, ಬ್ಯಾಂಕ್ ಪರೀಕ್ಷೆಗೆ ಕೂರುವ ಹುಡುಗರು ಸಾಲಾಗಿ ಕೂತಿದ್ದರು. ಬಾಗಿಲ ಪಕ್ಕದ ಹುಡುಗನ ತೊಡೆಯ ಮೇಲೆ ಒಂದು ಬಿಡಿ ಹಾಳೆ. ಹಾಳೆಯ ಮೂಲೆಯಲ್ಲಿ ನೇರಳೆ ಮುದ್ರೆ, ಸ್ವಲ್ಪ ವಾಲಿತ್ತು. ನನ್ನ ಕೈ ಯಾವಾಗಲೂ ಹಾಗೆಯೇ ವಾಲಿಸಿ ಒತ್ತುತ್ತಿತ್ತು. ಬಗ್ಗಿ ಹಾಳೆ ಎತ್ತಿಕೊಂಡೆ.

ಅಧ್ಯಕ್ಷರು ಗಾಬರಿಯಾಗಲಿಲ್ಲ. ನನ್ನನ್ನು ಮೆಟ್ಟಿಲ ಹತ್ತಿರಕ್ಕೆ ಕರೆದುಕೊಂಡು ಬಂದರು.

“ಸಂಘದ ಹಾಳೆ, ಸಂಘದ ಅಧ್ಯಕ್ಷನ ಹತ್ರ ಇದೆ. ಅದರಲ್ಲೇನಮ್ಮ?”

“ಪುಸ್ತಕದಲ್ಲಿರಬೇಕಾದ್ದು ಸಾರ್.”

“ಆ ಲೈನುಮನೆಗಳಲ್ಲಿ ಬ್ಯಾಂಕ್ ಪರೀಕ್ಷೆ ಬರೆಯೋರು ಯಾರಿದ್ದಾರೆ? ಇಲ್ಲಾದ್ರೆ ಉಪಯೋಗಕ್ಕೆ ಬರುತ್ತೆ.” ಆಮೇಲೆ ನಗುತ್ತಾ ಕೈ ಚಾಚಿದರು. “ಚೆಕ್ ಕೊಡಿ, ಸಹಿ ಹಾಕ್ತೀನಿ.”

ಚೆಕ್ಕನ್ನೂ ಕೊಡಲಿಲ್ಲ, ಹಾಳೆಯನ್ನೂ ಕೊಡಲಿಲ್ಲ. ಸೀದಾ ಮೆಟ್ಟಿಲಿಳಿದೆ.

ಸಭೆಯಲ್ಲಿ ಆ ಹಾಳೆಯನ್ನು ಮೇಜಿನ ಮೇಲಿಟ್ಟು, ಎಲ್ಲಿ ಸಿಕ್ಕಿತೆಂದು ಹೇಳಿದೆ. ಅಧ್ಯಕ್ಷರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು. “ನನ್ನ ಟ್ಯೂಷನ್ನಿಗೆ ಕೋರಮಂಡಲ್ ಹುಡುಗರೂ ಬರ್ತಾರೆ. ಅವರ ವಾಚನಾಲಯದಿಂದ ತಂದಿರಬೇಕು” ಎಂದರು. ನನ್ನ ಮುಂದೆ ಒಪ್ಪಿಕೊಂಡಿದ್ದನ್ನು ಅಷ್ಟು ಸಲೀಸಾಗಿ ನುಂಗಿದ್ದು ಕಂಡು ನಾನು ದಂಗಾದೆ. ಅದನ್ನು ಹೇಳುವಷ್ಟರಲ್ಲಿ ಅವರು ವಾಚನಾಲಯದ ಆತನ ಕಡೆ ತಿರುಗಿದ್ದರು.

“ಅದಿರಲಿ. ನಿಮ್ಮ ಸರ್ಟಿಫಿಕೇಟ್ ಒಮ್ಮೆ ತೋರಿಸಿ ನೋಡೋಣ.”

ಆ ಗಳಿಗೆಯಲ್ಲಿ ಅವನು ನೋಡಿದ್ದು ಅಧ್ಯಕ್ಷರನ್ನಲ್ಲ, ನನ್ನನ್ನು.

“ಇಲ್ಲ” ಎಂದ.

ಅಲ್ಲಿಗೆ ಪುಟಗಳ ವಿಷಯ ಮುಗಿದೇ ಹೋಯಿತು. ಸದಸ್ಯತ್ವದ ನಿಯಮ ಮುರಿದವನನ್ನು ಹೊರಹಾಕಬೇಕೆನ್ನುವವರು ಕೈ ಎತ್ತಿ ಎಂದರು. ಬೇತಮಂಗಲದವರ ಕೈಯೂ ಮೇಲೆ ಹೋಯಿತು, ಕಣ್ಣು ಮಾತ್ರ ನೆಲದ ಮೇಲಿತ್ತು. ಅವನ ಹೆಸರು ತೆಗೆದುಹಾಕಿದರು. ಹೊರಗೆ ಬಂದಾಗ ಬೇತಮಂಗಲದವರನ್ನು ಯಾಕೆಂದು ಕೇಳಿದೆ.

“ಏನ್ಮಾಡಾದು ಬಿಡಮ್ಮ” ಎಂದು ಚಪ್ಪಲಿ ಹುಡುಕುತ್ತಾ ಹೇಳಿದರು. “ನನ್ನ ತಮ್ಮನ ಮಗ ಆಯಪ್ಪನ ತಾವಾನೇ ಟ್ಯೂಷನ್ ಓಯ್ತಾವ್ನೆ. ನಾನು ಬತ್ತೀನಿ.”

ನನ್ನ ಕೈಯಲ್ಲಿ ಉಳಿದದ್ದು ಒಂದೇ, ಸಹಿ. ಹಾಕಲಿಲ್ಲ. ಹೊಸ ಗೈಡಿಗೂ ಇಲ್ಲ, ಅಂಚೆಗೂ ಇಲ್ಲ, ಸಭೆಯ ಬೋಂಡಾಕ್ಕೂ ಇಲ್ಲ. ಖಜಾಂಚಿ ಸೊಕ್ಕು ಮಾಡುತ್ತಾಳೆ ಎಂದರು. ಹಣ ತಿಂದು ಮುಚ್ಚಿಹಾಕುತ್ತಿದ್ದಾಳೆ ಎಂದೂ ಪಿಸುಗುಟ್ಟಿದರು. ಬ್ಯಾಂಕಿಗೇ ಹೋಗಿ ನೋಡಿಕೊಳ್ಳಿ ಎಂದೆ. ಇಬ್ಬರು ಹೋಗಿ ನೋಡಿಯೂ ಬಂದರು, ನನಗೆ ಹೇಳದೆ. ವರ್ಷ ತಿರುಗಿದಾಗ ಬೇರೆ ಖಜಾಂಚಿ ಬಂದರು. ಅಷ್ಟರಲ್ಲಿ ಒಬ್ಬೊಬ್ಬರೇ ತಮ್ಮ ಒಳ್ಳೆಯ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುವುದನ್ನು ಬಿಟ್ಟಿದ್ದರು. ಬರೀ ಹರಕು ಪುಸ್ತಕಗಳು ಊರು ಸುತ್ತಿ, ಕೊನೆಗೆ ಅದೂ ನಿಂತಿತು. ಸಂಘ ಮುಚ್ಚಿತೆಂದು ಯಾರೂ ಹೇಳಲಿಲ್ಲ. ಸಭೆಗೆ ಕರೆಯುವುದನ್ನು ನಿಲ್ಲಿಸಿದರು, ಅಷ್ಟೆ.

ತೊಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ಬಂಗಾರಪೇಟೆ ಜಂಕ್ಷನ್‌ನಲ್ಲಿ ಬೆಂಗಳೂರು ರೈಲಿಗೆ ಕಾಯುತ್ತಿದ್ದೆ. ವಾಚನಾಲಯದ ಆತ ಎದುರಾದ; ಅವನೂ ಅದೇ ರೈಲಿಗೆ ಬಂದಿದ್ದ. ತಲೆ ನರೆಯುತ್ತಿತ್ತು. ಅಂಚೆ ಮೂಲಕ ಕೋರ್ಸ್ ಮುಗಿಸಿದೆನೆಂದ, ವಾಚನಾಲಯ ಹೇಗೋ ನಡೆಯುತ್ತಿದೆ, ಗಣಿ ಎಷ್ಟು ದಿನವೋ ಗೊತ್ತಿಲ್ಲ ಎಂದ. ಇಬ್ಬರೂ ಕಾಫಿ ಕುಡಿದೆವು. ಲೋಟ ಕೆಳಗಿಟ್ಟು ಅವನು ಕೇಳಿದ:

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಅವತ್ತು ಸರ್ಟಿಫಿಕೇಟ್ ವಿಷಯ ಅವರಿಗೆ ಹೇಳಿದ್ದು ನೀವೇ ಅಲ್ವಾ?”

“ನಾನಲ್ಲ. ಯಾರು ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.”

“ಸರಿ ಮೇಡಂ” ಎಂದು ತಲೆಯಾಡಿಸಿದ. ಆ ಸರಿ ನಂಬಿದವನ ಸರಿಯಾಗಿರಲಿಲ್ಲ. ಇನ್ನೊಮ್ಮೆ ಹೇಳೋಣವೆಂದುಕೊಂಡೆ. ಎರಡನೇ ಸಲ ಹೇಳಿದರೆ ಇನ್ನೂ ಸುಳ್ಳಾಗಿ ಕೇಳಿಸುತ್ತದೆಯೆನಿಸಿ ಸುಮ್ಮನಾದೆ. ರೈಲು ಬಂತು. ಅವನು ನನ್ನ ಚೀಲ ಎತ್ತಿ ಕೊಟ್ಟು, ಹಿಂದಿನ ಡಬ್ಬಿಗೆ ಹೋಗಿ ಹತ್ತಿಕೊಂಡ.