ದಾರಾ ಬಾದಶಹನ ಮೆಟ್ಟಿಲು

ಗೋಲಿ ಸೋಡಾ ಒಡೆದು ಒಡೆದು ಬಾವಾಜಿಯ ಬಲಗೈ ಹೆಬ್ಬೆರಳು ಚಮಚದಂತೆ ಚಪ್ಪಟೆಯಾಗಿತ್ತು. ಆ ಬೆರಳನ್ನು ಗೋಡೆಯ ಮೇಲಿನ ಫೋಟೋಕ್ಕೆ ಊರಿ ಅವರು ನನಗೆ ಹೇಳಿದ ಮೊದಲ ಮಾತು: "ಮೇಸ್ತ್ರಿ, ನನಗ ಇಂಥಾ ಮೆಟ್ಟಲ ಬೇಕು."

ಹಿಟ್ಲರನ ಯುದ್ಧ ಶುರುವಾಗುವ ಮುಂಚಿನ ಸಂಗತಿ. ಹುಬ್ಬಳ್ಳಿಯ ಸ್ಟೇಶನ್ ರಸ್ತೆಯಲ್ಲಿ ಅವರ ಸೋಡಾ ಅಂಗಡಿ, ಹಿಂದೆಯೇ ಮನೆ. ಇರಾನ ಮೂಲದ ಪಾರಸಿ ಮಂದಿ. ನಮ್ಮದು ಎರೆಮಣ್ಣಿನ ಊರು. ಮಳೆಗಾಲದ ಕೆಸರು ಒಳಗೆ ಬರಬಾರದೆಂದು ಮನೆಯನ್ನು ಎದೆಮಟ್ಟ ಎತ್ತರಿಸಿ, ಮುಂದೆ ಮೊಣಕಾಲೆತ್ತರದ ಮೆಟ್ಟಿಲುಗಲ್ಲು ಇಡುವುದು ವಾಡಿಕೆ. ಬಾವಾಜಿಯ ಹೆಂಡತಿಗೆ ಲಕ್ವಾ ಹೊಡೆದು ಒಂದು ಕಾಲು ಎಳೆಯುತ್ತಿತ್ತು. ಒಮ್ಮೆ ಅವರನ್ನು ಕುರ್ಚಿಯಲ್ಲಿ ಹೊತ್ತು ದವಾಖಾನೆಗೆ ಒಯ್ದಾಗ ರಸ್ತೆಯ ಮಂದಿಯೆಲ್ಲ ನಿಂತು ನೋಡಿದ್ದರಂತೆ. ಅಂದಿನಿಂದ ಆ ಬಾಯಿ (ಅವರನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ) ಹೊಸ್ತಿಲು ದಾಟಿರಲಿಲ್ಲ.

"ಹೊತಗೊಂಡು ಇಳಸ್ತೇನಂದ್ರ, ಸತ್ತ ಮ್ಯಾಲ ಹೊರ್ರಿ ಅಂತಾಳ," ಎಂದರು ಬಾವಾಜಿ.

ನಾನು ಉಣಕಲ್ಲಿನ ಕಲ್ಲುಕುಟಿಗ. ಸಾಲೆ ಮೂರನೇ ಇಯತ್ತೆಗೇ ಬಿಟ್ಟವನು. ಆದರೆ ನನ್ನ ಕೆಲಸದಲ್ಲಿ ಕೊಂಕು ತೆಗೆದವರನ್ನು ಕಾಣೆ. ಚಿತ್ರ ನೋಡಿ ಕಲ್ಲು ಕಡಿಯುವವನು ನಾನಲ್ಲ ಎನ್ನುವವನಿದ್ದೆ. ಹತ್ತಿರ ಹೋಗಿ ನೋಡಿದೆ. ಒಂದೊಂದು ಬಂಡೆಯಲ್ಲೇ ನಾಲ್ಕಾರು ಮೆಟ್ಟಿಲು ಕಡಿದಿದ್ದರು, ಒಂದು ಸಂದಿಲ್ಲ. ಪಕ್ಕದ ಗೋಡೆಯ ಮೇಲೆ ಕೆತ್ತಿದ ಸಾಲುಸಾಲು ಜನ. ಗಡ್ಡದ ಗುಂಗುರಿನಲ್ಲೂ ಚಾಣ ತಡವರಿಸಿರಲಿಲ್ಲ.

"ಇರಾನದಾಗ ದಾರಾ ಬಾದಶಹನ ಅರಮನಿ ಇದು. ನಿಮ್ಮ ಸಿಂಧೂ ನದಿಯಿಂದ ಹಿಡದು ಮಿಸರದ ನೈಲ್ ನದಿ ತನಕ ಅವನ ರಾಜ್ಯ. ಎಲ್ಲಾ ದೇಶದಾವ್ರು ಕಾಣಿಕಿ ತಗೊಂಡು ಏರಾಕತ್ತಾರ ನೋಡು. ಒಬ್ಬನ ಕೈಗರೆ ಬೇಡಿ ಅದ ಏನು? ಒಬ್ಬನರೆ ಮೊಣಕಾಲೂರ್ಯಾನ?"

ಹುಡುಕಿದೆ. ಇರಲಿಲ್ಲ. ಧೋತರ ಉಟ್ಟ ಬರಿಮೈಯ ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತು ನಡೆದಿದ್ದ.

"ಅಂವಾ ನಿಮ್ಮ ಕಡ್ಯಾಂವ," ಎಂದರು. ನಾನು ಅವನ ಮುಖಕ್ಕೆ ಇನ್ನಷ್ಟು ಹತ್ತಿರ ಬಗ್ಗಿದೆ.

"ಅಷ್ಟ ದೊಡ್ಡ ಬಾದಶಹಾ, ಮೆಟ್ಟಲ ಯಾಕ್ರಿ ಇಷ್ಟ ಗಿಡ್ಡ?"

"ಉದ್ದ ನಿಲುವಂಗಿ ಹಾಕ್ಕೊಂಡ ಹಿರ್‍ಯಾರು ಬರತಿದ್ರು. ಅಂಗಿ ಎತ್ತಬಾರದು, ತಲಿ ಬಗ್ಗಿಸಬಾರದು, ಮಾತಾಡಕೋಂತ ಏರಬೇಕು. ಅದು ಅವಗ ತಿಳದಿತ್ತು, ಡೀಕ್ರಾ." ಡೀಕ್ರಾ ಎಂದರೆ ಅವರ ಮಾತಿನಲ್ಲಿ ಮಗ.

ಅಳತೆ ಹಾಕುವಾಗ ಜಗಳ ಬಿತ್ತು. ಲಾಭ, ನಷ್ಟ, ಲಾಭ ಎಂದು ಎಣಿಸುತ್ತ ಹೋದರೆ ಕೊನೆಯ ಮೆಟ್ಟಿಲು ಲಾಭಕ್ಕೆ ಬೀಳಬೇಕು. ಇದು ನಮ್ಮ ಕಸುಬಿನ ಕಟ್ಟಳೆ. ಬಾವಾಜಿಯ ನಾಲ್ಕು ಬೆರಳೆತ್ತರದ ಲೆಕ್ಕಕ್ಕೆ ಅದು ನಷ್ಟಕ್ಕೆ ಬಿತ್ತು. ಒಂದು ಹೆಚ್ಚಿಸಿದರೆ ಗಟಾರದೊಳಗೆ ಹೋಗುತ್ತಿತ್ತು. ಒಂದು ಕಡಿಮೆ ಮಾಡಿ ಉಳಿದವನ್ನು ಎತ್ತರಿಸುತ್ತೇನೆಂದರೆ ಅವರು ಒಪ್ಪಲೊಲ್ಲರು.

"ನಷ್ಟದ ಮ್ಯಾಲ ಅಂಗಡಿ ಮಾಡತೀರೇನ್ರಿ? ದಿವಾಳಿ ಎದ್ದಗಿದ್ದೀರಿ!"

"ನಮ್ಮ ರಾಜ್ಯಾನ ಹೋಗೇತಿ, ಇನ್ನೇನ ದಿವಾಳಿ? ಸಿಕಂದರ ಬಂದು ಆ ಅರಮನಿ ಸುಟ್ಟ. ಸೂರು ಹೋತು, ಕಂಬ ಬಿದ್ದವು. ಮೆಟ್ಟಲ ಇನ್ನೂ ಅದಾವ."

ಒಳಗಿನಿಂದ ಬಾಯಿಯ ದನಿ ಬಂತು: "ಎಣಸಾವ್ರು ನೀವಿಬ್ರು, ಇಳಿಯಾಕಿ ನಾನು! ಸುಮ್ನ ಕಲ್ಲ ಕಡಿ, ಮೇಸ್ತ್ರಿ."

ಬಾವಾಜಿಯ ಅಳತೆಗೇ ಕಡಿದೆ. ಕೆಲಸ ಮುಗಿದ ದಿನ ಬಾವಾಜಿ ಕೆಳಗೆ ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಒಂದು ಕೈ ಇನ್ನೊಂದನ್ನು ಬಿಗಿಯಾಗಿ ಹಿಡಿದದ್ದು ಹಿಂದೆ ನಿಂತ ನನಗಷ್ಟೇ ಕಾಣುತ್ತಿತ್ತು. ಬಾಯಿ ಎಳೆಯುವ ಕಾಲನ್ನು ಮುಂದಿಟ್ಟು, ಮತ್ತೊಂದನ್ನು ಅದರ ಪಕ್ಕಕ್ಕೆ ತಂದು, ನಿರಿಗೆ ಎತ್ತದೆ, ಯಾರನ್ನೂ ಹಿಡಿಯದೆ ಇಳಿದರು. ನೆಲ ಮುಟ್ಟಿದ್ದೇ ಹಿಂದಿರುಗಿ ನೋಡಿ, "ಅಂಗಡಿ ಬೋರ್ಡಿನ ಬಣ್ಣ ಎಷ್ಟ ಹೊಲಸಾಗೇತಿ! ಕಣ್ಣಿದ್ದಿಲ್ಲೇನು ನಿಮಗ?" ಎಂದು ಗಂಡನನ್ನು ಬೈದರು. ಅಂಥ ಬೈಗಳು ತಿಂದು ಅಷ್ಟು ನಕ್ಕವರನ್ನು ನಾನು ಬೇರೆ ಕಂಡಿಲ್ಲ.

ಯುದ್ಧ ನಡೆದಿದ್ದಾಗಲೇ ಬಾವಾಜಿ ತೀರಿಕೊಂಡರು. ಪುಣೆಯಿಂದ ಅವರ ಮಂದಿ ಬಂದರು. ಬಿಳಿ ಬಟ್ಟೆಯವರು ಹೆಣ ಎತ್ತಿದರು. ಅವರ ಪದ್ಧತಿಯಲ್ಲಿ ಅನ್ಯರು ಮುಟ್ಟುವಂತಿಲ್ಲ, ಹೆಂಗಸರು ಮಸಣಕ್ಕೆ ಹೋಗುವಂತಿಲ್ಲ. ಟಾಂಗಾ ಹೊಡೆಯುವ ಸಾಹೇಬರು, ಮೊಸರು ಮಾರುವಾಕೆ, ಸ್ಟೇಶನ್ ಹಮಾಲ, ನಾನು, ಅಂಗಡಿಯಲ್ಲಿ ಸೋಡಾ ಕುಡಿದವರೆಲ್ಲ ರಸ್ತೆಯ ಆಚೆ ನಿಂತಿದ್ದೆವು. ಬಾಯಿ ಹೆಣದ ಹಿಂದೆ ತಾವೇ ಮೆಟ್ಟಿಲಿಳಿದು ಬಂದರು. ಸಂಬಂಧಿಕರೊಬ್ಬರು ರಟ್ಟೆ ಹಿಡಿಯಹೋದರೆ ಮೊಣಕೈಯಿಂದ ಸರಿಸಿದರು. ಮೆರವಣಿಗೆ ತಿರುವಿನಲ್ಲಿ ಮರೆಯಾಗುವ ತನಕ ನಿಂತು, ಹಾಗೆಯೇ ಒಬ್ಬರೇ ಮೇಲೇರಿ, ಬಾಗಿಲಲ್ಲಿ ನಮ್ಮ ಕಡೆ ತಿರುಗಿದರು.

"ಅಲ್ಲೇ ಯಾಕ ನಿಂತೀರಿ? ಮ್ಯಾಲ ಬರ್ರಿ."

ಟಾಂಗಾದ ಸಾಹೇಬರು ಟೊಪ್ಪಿಗೆ ಸರಿಮಾಡಿಕೊಂಡರು. ಮೊಸರು ಮಾರುವಾಕೆ ಬುಟ್ಟಿ ಹೊತ್ತೇ ಬಂದಳು. ಸ್ಟೇಶನ್ ಹಮಾಲನ ಹಿಂದೆ ನಾನು ತಲೆ ಬಗ್ಗಿಸದೆ ಏರಿದೆ.