ಕಡಲೆ ಹುಳಿ ಕೊಳ್ಳಲು ಹೋದದ್ದು

ಎಪ್ಪತ್ತೆಂಟರ ಮಾಗಿಯಲ್ಲಿ, ಬೆಳಗಿನ ಆರೂವರೆಯ ಬಸ್ಸಿಗೆ ಬಾದಾಮಿಯಿಂದ ಇಳಕಲ್ಲಿಗೆ ಹೊರಟೆ. ಮನೆಯಲ್ಲಿ ಕಡಲೆ ಹುಳಿ ತೀರಿತ್ತು. ಕಡಲೆ ಗಿಡದ ಮೇಲಿನ ಇಬ್ಬನಿಯನ್ನು ಬಟ್ಟೆಗೆ ಹೀರಿಸಿ ಹಿಂಡಿದ ಈ ಹುಳಿಯ ನಾಲ್ಕು ಹನಿಯನ್ನು ನೀರಿಗೆ ಬಿಟ್ಟು ಕುಡಿದರೇ ಅವ್ವನ ಹೊಟ್ಟೆನೋವು ತಗ್ಗಿ, ಆಕೆ ಊಟ ಮಾಡುತ್ತಿದ್ದಳು. ವರ್ಷಕ್ಕೊಂದು ಸೀಸೆ ಹುನಗುಂದದ ಕಡೆಯ ತನ್ನ ತವರಿನಿಂದ ತರುತ್ತಿದ್ದವಳು ನನ್ನ ಹೆಂಡತಿ ಶಾಂತವ್ವ. ಅವಳು ತೀರಿಕೊಂಡು ಐದು ತಿಂಗಳಾಗಿತ್ತು. ಅತ್ತೆಗೆ ಮುಖ ತೋರಿಸುವ ಧೈರ್ಯವಿಲ್ಲದೆ, ಪೇಟೆಯಲ್ಲೇ ಕೊಳ್ಳೋಣವೆಂದುಕೊಂಡಿದ್ದೆ.

ಇಳಕಲ್ಲಿನ ಅಂಗಡಿಯವನು ಕಪ್ಪಗಿನ ಸೀಸೆಯೊಂದನ್ನು ಮುಂದಿಟ್ಟು, "ಮೂರು ವರ್ಷದ್ದರಿ. ಹಳೇದಾದಷ್ಟು ಚಲೋ" ಎಂದ. ಒಂದು ಹನಿ ನಾಲಿಗೆಗೆ ಹಚ್ಚಿಕೊಂಡೆ. ಹುಳಿಯ ಹಿಂದೆ ಬರಬೇಕಾದ ಉಪ್ಪಿನ ರುಚಿ ಇರಲಿಲ್ಲ.

"ಇದು ಬೆಲ್ಲ ಹಾಕಿದ ಹುಣಸಿ ನೀರಲ್ಲೇನ್ರಿ?"

"ಹೌದ್ರಿ" ಎಂದ ಅವನು, ಒಂದಿಷ್ಟೂ ಅಳುಕದೆ. "ಖರೇದು ಬೇಕಂದ್ರ ನಸುಕಿನ್ಯಾಗ ಹೊಲಕ್ಕ ಹೋಗ್ರಿ. ಇಲ್ಲ್ಯಾಕ ಬಂದ್ರಿ?"

ಸೀಸೆಯನ್ನು ಅವನತ್ತಲೇ ಸರಿಸಿ ಅಂಗಡಿಯಿಂದ ಇಳಿದೆ. ನನಗೆ ಗೊತ್ತಿದ್ದ ಕಡಲೆ ಹೊಲ ಅತ್ತೆಯದೊಂದೇ.

ಬೆಳಿಗ್ಗೆ ದಾಟಿ ಬಂದಿದ್ದ ಹುನಗುಂದಕ್ಕೆ ಮರಳಿ, ಮೂರು ಮೈಲಿ ಕಪ್ಪು ಎರಿ ಮಣ್ಣಿನ ದಾರಿ ನಡೆದು ಅತ್ತೆಯ ಊರು ಸೇರಿದಾಗ ಸಂಜೆಯಾಗಿತ್ತು. ಅತ್ತೆ ಏನೂ ಕೇಳದೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಬಂದ ಕಾರಣ ಹೇಳಿದೆ. "ಮುಂಜಾನೆ ಹೊಲಕ್ಕ ಬರ್ರಿ" ಎಂದಷ್ಟೇ ಅಂದಳು.

ನಸುಕಿನಲ್ಲಿ ಹೋದವನು ಬದುವಿನ ಮೇಲೆಯೇ ನಿಂತುಬಿಟ್ಟೆ. ಹೂಬಿಟ್ಟ ಕಡಲೆ ಗಿಡಗಳ ಮೇಲೆ ಉದ್ದಕ್ಕೂ ಹಾಸಿದ್ದು ಶಾಂತವ್ವನ ಹಸಿರು ಸೀರೆ. ಅವಳ ಸಾವಿನ ದಿನಕರ್ಮ ಮುಗಿದ ಮೇಲೆ ನಾನೇ ಮಡಚಿ ಅತ್ತೆಯ ಕೈಗೆ ಕೊಟ್ಟದ್ದು. ಹುಳಿ ತಿಂದು ಅಲ್ಲಲ್ಲಿ ತೂತು ಬಿದ್ದಿತ್ತು.

"ಬ್ಯಾರೆ ಬಟ್ಟಿ ಇರಲಿಲ್ಲೇನ್ರಿ, ಅತ್ತಿ?"

"ಭಾಳ ಒಗದ ಹತ್ತಿ ಸೀರೀನ ಇಬ್ಬನಿ ಹೀರೂದು, ಅಳಿಯಾರ. ಪೆಟ್ಟಿಗ್ಯಾಗ ಇಟ್ಟು ನಾ ಏನ್ ಪೂಜಿ ಮಾಡ್ಲಿ?" ಎಂದು ಆಕೆ ತೊಯ್ದ ಸೀರೆಯನ್ನು ಎತ್ತಿದಳು. "ಬಂದಾಗೆಲ್ಲಾ ಆ ತುದಿ ಆಕಿ ಹಿಡೀತಿದ್ಳು. ಒಬ್ಬಾಕೀನ ಹಿಂಡಿದ್ರ ಅರ್ಧಾ ಹುಳಿ ಸೀರ್ಯಾಗ ಉಳಿತೈತಿ. ಹಿಂಗ ನೋಡ್ಕೋತ ನಿಂತ್ರ ಬಿಸಲೇರತೈತಿ."

ಸೆರಗು ಹಿಡಿದೆ. ಆಕೆ ಎಡಕ್ಕೆ, ನಾನು ಬಲಕ್ಕೆ ತಿರುವಿದೆವು. ಗಡಿಗೆಗೆ ಬಿದ್ದದ್ದು ಬೊಗಸೆ ತುಂಬದಷ್ಟು ಹುಳಿ. ಸೀಸೆ ತುಂಬಲು ನಾಲ್ಕು ಮುಂಜಾನೆ ಬೇಕಾದವು. ಅಷ್ಟು ದಿನವೂ ಅಲ್ಲೇ ಉಳಿದೆ.

ಐದನೆಯ ಮುಂಜಾನೆ ಸೀಸೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೊರಟೆ. ದಾರಿಯ ತಿರುವಿನಲ್ಲಿ ಹಿಂದಿರುಗಿ ಹೊಲದ ಕಡೆ ನೋಡಿದೆ. ಅತ್ತೆ ಸೀರೆಯ ಒಂದು ತುದಿಯನ್ನು ಜಾಲಿ ಗಿಡಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ತಿರುವುತ್ತಿದ್ದಳು.